ಸಿಮ್ಲಾ ಆಫೀಸು, ಪುಣೆ ೫

ಪುಣೆಯಲ್ಲೊಂದು ಸಿಮ್ಲಾ ಇದೆ.
ಶಿವಾಜಿನಗರದ ಕಲ್ಲುಕಟ್ಟಡ, ಎದುರಿಗೆ ಚೌಕ,
ಕಂಡಕ್ಟರು ಕೂಗುತ್ತಾನೆ: ಸಿಮ್ಲಾ ಆಫೀಸ್, ಚಲಾ ಚಲಾ!
ಇಳಿದವರ ಹೆಗಲ ಮೇಲೆ ಹಿಮ ಇರುವುದಿಲ್ಲ.
ಮೂವತ್ತೊಂದು ವರ್ಷ ನಾನೂ ಇಳಿದೆ,
ಕೈಯಲ್ಲಿ ಟಿಫಿನ್ನು, ಜನವರಿಯ ಶನಿವಾರಗಳಲ್ಲಿ
ಹಳೇ ಧೋತರದಲ್ಲಿ ಸುತ್ತಿದ
ಮೂರು ತುಂಡಿನ ಗಾಳದ ಕೋಲು.

ಹಿಮ ಬರೆದುಕೊಳ್ಳುವುದು ನನ್ನ ಕೆಲಸ.
ಬೆಳಿಗ್ಗೆ ಉತ್ತರದಿಂದ ಅಂಕಿಗಳು ಬರುತ್ತಿದ್ದವು
ಐದೈದರ ಗುಂಪು ಕಟ್ಟಿಕೊಂಡು.
ಬಿಡಿಸಿದರೆ ಗಾಳಿ, ಬಿಡಿಸಿದರೆ ಮೋಡ,
ಕೊನೆಗೆ ನೆಲದ ಮೇಲೆ ಕೂತ ಹಿಮ, ಸೆಂಟಿಮೀಟರಿನಲ್ಲಿ.
ನಲವತ್ತೆರಡು. ನಲವತ್ತೆರಡು. ತೊಂಬತ್ತು.
ನಕಾಶೆಯ ಮೇಲೆ ಪೆನ್ಸಿಲು ಊರುವಾಗ
ಬೆವರಿನ ಅಂಗೈ ಕಾಗದಕ್ಕೆ ಅಂಟುತ್ತಿತ್ತು.

ಕಲ್ಪಾದಿಂದ ಕಳಿಸುತ್ತಿದ್ದವನು ಸನಮ್‌ಗುರ್ ನೇಗಿ.
ಮುಖ ಕಂಡಿಲ್ಲ, ದನಿ ಕೇಳಿಲ್ಲ,
ಕಟ್ಟ ಕಡ ಎನ್ನುವ ಬೆರಳಿನ ಗುರುತು ಮಾತ್ರ.
ಚಳಿ ಹೆಚ್ಚಾದ ದಿನ ತುಸು ತಡವರಿಸುತ್ತಿತ್ತು.
ಒಮ್ಮೆ ಅಂಕಿಗಳೆಲ್ಲ ಮುಗಿದ ಮೇಲೆ
ನಿಯಮದಲ್ಲಿ ಇಲ್ಲದ್ದೊಂದು ಬಂತು:
ಟ್ರೌಟ್ ತಳ ಹಿಡಿದಿದೆ.
ಕರಮರಕರ ಸಾಹೇಬರು ಅದರ ಮೇಲೆ ಕೆಂಪು ಗೀಟೆಳೆದರು.
ಮರುದಿನ ನಾನು ಕಳಿಸಿದೆ:
ಇಲ್ಲಿ ಮಶೀರ್ ಕೂಡ.

ಆ ಮೇ ತಿಂಗಳು ಅಂಚೆಯಲ್ಲಿ ಒಂದು ಬೆಂಕಿಪೊಟ್ಟಣ.
ಒಳಗೆ ಮೂರು ಹುಸಿನೊಣ,
ಮೇಕೆಯ ಕೂದಲು, ಯಾವುದೋ ಹಕ್ಕಿಯ ಉದುರುಗರಿ,
ಹೆಂಡತಿಯ ಶಾಲಿನಿಂದ ಕದ್ದ ಹಸಿರು ಎಳೆ ಎಂದು ಚೀಟಿ.
"ಹಿಮ ಕರಗುವ ಮೊದಲ ವಾರ ಇದನ್ನು ಹಾಕು.
ನೀರು ಹಾಲಿನಂತೆ ಬಂದರೆ ಮನೆಗೆ ಹೋಗು."

ನನ್ನ ನೀರು ಹಾಲಾಗುವುದಿಲ್ಲ, ಸನಮ್‌ಗುರ್.
ಈ ಸಹ್ಯಾದ್ರಿ ಕೂಡಿಡುವ ಮನೆತನವಲ್ಲ.
ನಾಲ್ಕು ತಿಂಗಳು ಬಂದದ್ದನ್ನೆಲ್ಲ ಊರಿಗೆ ಹಂಚಿ
ದೀಪಾವಳಿಯ ಹೊತ್ತಿಗೆ ಬರಿಮೈ ಕಲ್ಲು.
ಉಳಿಸುವುದು ಅಣೆಕಟ್ಟಿನ ಗೋಡೆ.
ಪವನೆಯ ಹಿನ್ನೀರು ಇಳಿದಂತೆ ಬಂಡೆಯ ಮೇಲೆ
ಬಿಳಿ ಗೆರೆಯೊಂದು ಉಳಿಯುತ್ತದೆ.
ನಮ್ಮ ಹಿಮದ ಗೆರೆ ಅದೇ. ದಿನಾ ಕೆಳಗಿಳಿಯುತ್ತದೆ.

ಬಿಳಿಯರ ಕಾಲದ ಒಂದು ಲೆಕ್ಕ ನಮ್ಮ ಲೆಡ್ಜರಿನಲ್ಲಿತ್ತು:
ಅಲ್ಲಿ ಹಿಮ ದಪ್ಪವಾದರೆ ಇಲ್ಲಿ ಮುಂಗಾರು ತೆಳು.
ಅಂದರೆ ನಿನ್ನ ತುಂಬುಹೊಳೆ ನನ್ನ ಬತ್ತಿದ ಹೊಳೆ.
ತೊಂಬತ್ತು ಎಂದು ಬರೆದ ದಿನ
ನಿನಗಾಗಿ ಹಿಗ್ಗಿದ್ದೇನೆ, ಒಳಗೊಳಗೆ ಬೈದೂ ಇದ್ದೇನೆ.
ಲೆಕ್ಕ ಎಷ್ಟೋ ಸಲ ಸುಳ್ಳಾಯಿತು,
ಆದರೂ ಬೈಗುಳ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮೊದಲ ನೊಣ ಜಾಲಿಯ ಮುಳ್ಳಿಗೆ ಹೋಯಿತು.
ಎರಡನೆಯದನ್ನು ಮೀನೇ ಒಯ್ದಿತು.
ತುಂಗ ಕೋಟೆಯ ನೆರಳು ನೀರು ಬಿಟ್ಟೇಳುವ ಹೊತ್ತು,
ಹುರಿ ಬೆನ್ನ ಹಿಂದೆ ಸುರುಳಿ ಬಿಚ್ಚಿ
ಮುಂದಕ್ಕೆ ಬಂದು ಸದ್ದಿಲ್ಲದೆ ಕೂತಿತ್ತು.
ಒಂದೇ ಎಳೆತ.
ಬೆಳ್ಳಿಗಿಂತ ತಾಮ್ರಕ್ಕೆ ಹತ್ತಿರದ ಹುರುಪೆ
ಕಂಡೆನೋ, ಕಂಡೆನೆಂದುಕೊಂಡೆನೋ.
ಸೋಮವಾರ ಇದನ್ನೇ ಕಳಿಸಬೇಕೆಂದಿದ್ದೆ.

ಸೋಮವಾರ ಕಲ್ಪಾದಿಂದ ಬೇರೆ ಬೆರಳು.
ಚುರುಕು, ಒಂದೂ ತಪ್ಪಿಲ್ಲ.
ಮುಗಿದ ಮೇಲೆ ಏನೂ ಇಲ್ಲ.
ವರ್ಗವೋ, ನಿವೃತ್ತಿಯೋ, ಇನ್ನೇನೋ,
ಕೇಳಬಹುದಿತ್ತು. ಕೇಳಲಿಲ್ಲ.
ಬರೆದುಕೊಂಡೆ: ಹಿಮ ಅರವತ್ತೇಳು.
ಆಮೇಲೆ ಯಂತ್ರಗಳು ಬಂದವು,
ನನಗೂ ಒಂದು ಶಾಲು, ಒಂದು ತೆಂಗಿನಕಾಯಿ.

ಈಗ ಅಣೆಕಟ್ಟು ಶೇಕಡಾ ಎಷ್ಟೆಂದು ಪೇಪರಿನಲ್ಲಿ ನೋಡಿ
ಲೋಣಾವಳಾ ಲೋಕಲ್ ಹತ್ತುತ್ತೇನೆ.
ಮೂರನೆಯ ನೊಣದ ಗರಿಯನ್ನು ಹುಳ ತಿಂದಿದೆ,
ಹಸಿರು ಎಳೆ ಮಾತ್ರ ಹಾಗೇ ಇದೆ.
ಇಂದು ಬೆಳಿಗ್ಗೆ ಎಂಟು ಡಿಗ್ರಿ.
ಪ್ಯಾಂಟು ಮಡಚಿ ನೀರಿಗಿಳಿದೆ.
ಕೋಲನ್ನು ಕಾಲ ಪಕ್ಕ ಊರಿ ನೋಡಿದರೆ
ಮೂವತ್ತೆಂಟು.
ಪೆನ್ಸಿಲಿಗೆ ಜೇಬು ತಡಕಿದೆ.
ಇರಲಿಲ್ಲ.