ಮೊದಲು ಅರ್ಧ ಗಂಟೆ ಕತ್ತಲು

ಅಪ್ಪ ನೀಲಿ ಹಾಕುವವನು.
ತುಂಗೆಯ ಕಲ್ಲಿನ ಮೇಲೆ ಮೂವತ್ತು ವರ್ಷ
ನರ್ಸಿಂಗ್ ಹೋಮಿನ ಹಾಸುಬಟ್ಟೆ ಒಗೆದು, ಜಾಲಿಸಿ,
ಕೊನೆಯ ಬಕೆಟ್ಟಿಗೆ ಎರಡೇ ತೊಟ್ಟು.
ಬಿಳುಪು ಅಂದ್ರೆ ಬಿಳಿಯಲ್ಲ ಮಗಾ,
ನೀಲಿಯ ಗುಟ್ಟು, ಅನ್ನುತ್ತಿದ್ದ.

ನಾನು ನೀಲಿ ತೆಗೆಯುವವಳು.
ಶಂಕರಘಟ್ಟದ ಲ್ಯಾಬಿನಲ್ಲಿ ಇದು ಮೂರನೆಯ ವರ್ಷ.
ಮೆಥಿಲೀನ್ ಬ್ಲೂ, ಲೀಟರಿಗೆ ಹತ್ತು ಮಿಲಿಗ್ರಾಂ,
ಬೀಕರಿನಲ್ಲಿ ನವಿಲಿನ ಕತ್ತು.
ಅದಕ್ಕೊಂದು ಚಿಟಿಕೆ ಬಿಳಿ ಪುಡಿ, ನಾನೇ ಸುಟ್ಟು ಅರೆದದ್ದು.

ತಕ್ಷಣ ದೀಪ ಹಚ್ಚುವ ಹಾಗಿಲ್ಲ.
ಮೊದಲು ಅರ್ಧ ಗಂಟೆ ಕತ್ತಲು.
ಕಪ್ಪು ಬಟ್ಟೆ ಹೊದಿಸಿ, ಕಲಕಲು ಬಿಟ್ಟು, ಕಾಯಬೇಕು.
ಪುಡಿಗೆ ಸುಮ್ಮನೆ ಅಂಟಿದ್ದೆಷ್ಟು,
ಬೆಳಕು ಮುರಿದದ್ದೆಷ್ಟು,
ಲೆಕ್ಕ ಬೇರೆ ಬೇರೆ ಇರಬೇಕು.
ಅಂಟಿಸಿಕೊಂಡದ್ದನ್ನೇ ತೊಳೆದೆ ಅಂದುಕೊಳ್ಳುವುದು
ಪುಡಿಗೆ ಮಾತ್ರ ಇರುವ ಚಾಳಿಯಲ್ಲ.

ಬೆಳಕು ಬಿದ್ದಾಗ ಆಗುವುದು ಇಷ್ಟೆ:
ಒಂದು ಎಲೆಕ್ಟ್ರಾನು ಎದ್ದು ಮಹಡಿ ಹತ್ತುತ್ತದೆ,
ಕೂತಿದ್ದ ಜಾಗ ಖಾಲಿ.
ಆ ಖಾಲಿಗೆ ಹಸಿವು. ಪಕ್ಕದ ನೀರನ್ನೇ ಕಿತ್ತು
ಕಿಡಿಯಂಥದ್ದೊಂದನ್ನು ಹುಟ್ಟಿಸುತ್ತದೆ. ಅದು
ಸಿಕ್ಕಿದ್ದನ್ನು ಕಚ್ಚುತ್ತದೆ, ಬಣ್ಣವೋ ಔಷಧಿಯೋ ಕೇಳದೆ.
ತೊಂದರೆ ಏನೆಂದರೆ,
ಎದ್ದವನು ಕಣ್ಣು ಮಿಟುಕಿಸುವುದರೊಳಗೆ ವಾಪಸು.
ಬಂದು ಕೂತನೋ, ಬಿದ್ದ ಬೆಳಕೆಲ್ಲ ಬರೀ ಬಿಸಿ.

ಪರಿಹಾರ ಹೊಳೆದದ್ದು ಭದ್ರಾವತಿ ಬಸ್ಸಿನಲ್ಲಿ.
ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನೊಬ್ಬ
ಕೆಳಗೆ ಚಹಾದಂಗಡಿಯಲ್ಲಿ ಮಾತಿಗೆ ಸಿಕ್ಕಿಬಿದ್ದಿದ್ದ.
ಹಾಗೆ ಮಾತಿಗೆ ಹಿಡಿಯುವವರು ಬೇಕು.
ಪುಡಿಗೆ ಬೆಳ್ಳಿಯ ಚುಕ್ಕೆ ಇಟ್ಟೆ.
ಐವತ್ತು ನಿಮಿಷಕ್ಕೆ ಬೀಕರು ತಿಳಿ.
ಅಟೆಂಡರ್ ಮೈಲಾರಪ್ಪ ಬಗ್ಗಿ ನೋಡಿ,
'ಇಷ್ಟು ದುಡ್ಡು ಸುರಿದು ನೀರನ್ನ ನೀರು ಮಾಡಿದ್ರಾ?' ಅಂದ.

ಆಮೇಲೆ ನಿಜವಾದ ನೀರು ತಂದೆ,
ಅಪ್ಪನ ಕಲ್ಲಿನ ಕೆಳಗಿನದು, ಎರಡು ಲೀಟರಿನ ಕ್ಯಾನಿನಲ್ಲಿ.
ಸೋಪು, ಕೆಮ್ಮಣ್ಣು, ಕೊಳೆತೆಲೆಯ ಕಷಾಯ,
ಹಾಸುಬಟ್ಟೆಯಿಂದಿಳಿದ ಯಾರದೋ ಜ್ವರದ ಮಾತ್ರೆ.
ಪುಡಿ ತಬ್ಬಿಬ್ಬಾಯಿತು.
ಮಾತ್ರೆಗೆ ಬಣ್ಣವಿಲ್ಲ. ಇದ್ದರೂ ಕಾಣದು, ಹೋದರೂ ಕಾಣದು,
ಯಂತ್ರ ಗೀಚಿದ ಗೆರೆಯನ್ನೇ ನಂಬಬೇಕು.
ಸಿಸಿಲಿಯಾ ಮೇಡಂ ಗೆರೆ ನೋಡಿ ಕೇಳಿದ್ದು ಒಂದೇ:
'ಮುರಿಯಿತು ಸರಿ. ಚೂರುಗಳು ಎಲ್ಲಿ?'

ಅದು ಆಷಾಢ. ಕೋರ್ಪಲಯ್ಯನ ಮಂಟಪ
ಕುತ್ತಿಗೆಯವರೆಗೆ ಮುಳುಗಿದ ವಾರ.
ಲ್ಯಾಬಿನ ದೀಪದಲ್ಲಿ ಸದಾ ಮಟಮಟ ಮಧ್ಯಾಹ್ನ,
ಹೊಳೆಯ ಮೇಲೆ ಮಾತ್ರ ತೊಳೆದ ಅಕ್ಕಿಯ ನೀರಿನಂಥ ಬೆಳಕು.
ಈ ಬೆಳಕಿಗೇ ಏಳುವಂಥದ್ದು ಬೇಕಿತ್ತು.
ಗೊಬ್ಬರದಂಗಡಿಯ ಯೂರಿಯಾ ತಂದು
ಮುಚ್ಚಳವಿಟ್ಟ ಮೂಸೆಯಲ್ಲಿ ಐನೂರೈವತ್ತು ಡಿಗ್ರಿಗೆ ಬೇಯಿಸಿದೆ.
ತೆರೆದರೆ ಹಳದಿ, ಹಗುರ, ಉಸಿರಿಗೆ ಹಾರುವಷ್ಟು.
ಹೊಳೆಗೆ ಪುಡಿ ಸುರಿದು ಮತ್ತೆ ಸೋಸುವವರಾರು?
ಅಪ್ಪನ ಗಂಟಿನಿಂದ ಹರಿದ ಹಾಸುಬಟ್ಟೆ ಬೇಡಿ
ಅದಕ್ಕೇ ಬಳಿದು ಒಣಗಿಸಿದೆ.

ಹಳದಿ ಕಂಡರೆ ಅವನ ಕೈ ಸುಮ್ಮನಿರುತ್ತದೆಯೇ?
ಭಾನುವಾರ ನಾನು ಏಳುವ ಮೊದಲೇ
ಬಟ್ಟೆ ಬಕೆಟ್ಟಿನಲ್ಲಿ, ಎರಡು ತೊಟ್ಟು ನೀಲಿಯೊಡನೆ,
ಅಂಗಳದ ಮೋಡದ ಕೆಳಗೆ.
ಮಧ್ಯಾಹ್ನ ಬಂದು ನೋಡಿದವನು
ನೀರಿಗೆ ಕೈ ಹಾಕಿದ, ಎತ್ತಿದ, ಬೆರಳು ನೋಡಿಕೊಂಡ.
'ನೀಲಿ ಯಾರು ಕದ್ದರು?'

ನಗು ಬಂತು. ಕುಣಿಯಬಹುದಿತ್ತು.
ಆದರೆ ಬಟ್ಟೆಗೆ ಅಂಟಿತೋ, ಬೆಳಕು ಮುರಿಯಿತೋ?
ಕತ್ತಲಲ್ಲಿ ಇಟ್ಟಿರಲಿಲ್ಲ.
ನೋಟ್‌ಬುಕ್ಕಿಗೆ ಬರೆಯುವ ಹಾಗಿಲ್ಲ.

ಹೊಸ ನೀರು ತುಂಬಿಸಿದೆ. ಅವನ ಕೈಯಿಂದಲೇ
ಮತ್ತೆ ಎರಡು ತೊಟ್ಟು. ಮೇಲೆ ಅವನ ಕರಿ ಕೊಡೆ ಬಿಚ್ಚಿ
ಸುತ್ತ ಗೋಣಿ ಸುತ್ತಿದೆ.
ಅಪ್ಪ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ,
ಕೂಸು ಮಲಗಿದೆಯೆಂಬಂತೆ ದನಿ ತಗ್ಗಿಸಿ ಕೇಳಿದ:
'ಎಷ್ಟು ಹೊತ್ತು?'