ಮೂರನೇ ಗುಂಡಿ

ಕುಂಬಳೆ ರೈಲ್ವೆ ಗೇಟಿನ ಹಿಂದಿನ ನಮ್ಮ ಮನೆಗೆ
ಕಣ್ಣೂರಿನಿಂದ ಪ್ರಜೀಶ ಬಂದು
ಟಿವಿಯ ಮಗ್ಗುಲಿಗೊಂದು ಡಬ್ಬಿ ಕೂರಿಸಿ
ಎಲ್ಲರಿಗೂ ಅಂಕಿ ಹಂಚಿದ.
ಐತಪ್ಪನಿಗೆ ಒಂದು, ಅತ್ತೆಗೆ ಎರಡು,
ನನಗೆ ಮೂರು, ಮಗಳಿಗೆ ನಾಲ್ಕು,
ಯಾರು ನೆಂಟರು ಬಂದರೂ ಒಂಬತ್ತು.
ಕೂತಾಗ ಒತ್ತಬೇಕು, ಎದ್ದಾಗ ಒತ್ತಬೇಕು,
ಊರಲ್ಲಿ ಯಾರಿಗೂ ಹೇಳಬಾರದು.

ಚಪ್ಪಲಿ ಮೆಟ್ಟುತ್ತ, ಮಲಯಾಳದಲ್ಲೇ, ಅಂದ:
ಚೇಚಿ, ನೀವೊಬ್ಬರು ಅಂದರೆ ನಮ್ಮ ಲೆಕ್ಕದಲ್ಲಿ
ಹನ್ನೆರಡು ಸಾವಿರ ಜನ.

ಆ ರಾತ್ರಿ ಮಗ್ಗುಲು ಬದಲಿಸಿದರೆ
ಹನ್ನೆರಡು ಸಾವಿರ ಚಾಪೆಗಳ ಸದ್ದು.

ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು.
ನಾನು ಬೀಡಿ ಕಟ್ಟುತ್ತ ಎಂಟು ಗಂಟೆಯ ಕಥೆ ನೋಡಿದರೆ
ಹನ್ನೆರಡು ಸಾವಿರ ಹೆಂಗಸರು ತಲೆ ತಗ್ಗಿಸದೆ ಬೀಡಿ ಕಟ್ಟುತ್ತಾರೆ.
ಜಾಹೀರಾತು ಬಂತೆಂದು ಗಂಜಿ ನೋಡಲು ಎದ್ದರೆ
ಹನ್ನೆರಡು ಸಾವಿರ ಪಾತ್ರೆ ಒಟ್ಟಿಗೇ ಉಕ್ಕಿ
ಒಲೆಗಳೆಲ್ಲ ಚೊಂಯ್ ಅನ್ನುತ್ತವೆ.
ಮುಂಬಯಿಯಲ್ಲಿ ಸಾಬೂನು ಮಾರುವವನೊಬ್ಬ
ತಲೆಮೇಲೆ ಕೈ ಹೊತ್ತು ಕೂರುತ್ತಾನೆ.

ಬ್ರಾಂಚಿನ ರೈಟರು ಸಾವಿರಕ್ಕೆ ಎಂಬತ್ತು ಬೀಡಿ
ಹೆಕ್ಕಿ ಹೆಕ್ಕಿ ಬಿಸಾಡುವಾಗ ಬಾಯಿತುದಿಗೆ ಬಂದಿತ್ತು:
ಯಾರ ಹತ್ತಿರ ಮಾತಾಡುತ್ತಿದ್ದೀ ಗೊತ್ತುಂಟಾ?
ನುಂಗಿಕೊಂಡೆ.

ಎಂಟೂವರೆಗೆ ಆಸ್ಯಮ್ಮ ಬರುತ್ತಾಳೆ. ಅವಳಿಗೆ ಮಲಯಾಳದ್ದು.
ಅತ್ತೆಗೆ ಕನ್ನಡದ್ದು, ಅದೂ ಎಂಟೂವರೆಗೇ.
ಜಗಳ ತುಳುವಿನಲ್ಲಿ.
ವಾರಕ್ಕೊಬ್ಬರದೆಂದು ರಾಜಿಯಾದ ಮೇಲೂ
ರಿಮೋಟು ಯಾರ ಸೊಂಟದಲ್ಲಿ ಎಂದು ಇನ್ನೊಂದು.
ಎರಡು ಕಥೆಯಲ್ಲೂ ಅಳುತ್ತಿದ್ದದ್ದು ಒಬ್ಬಳೇ ಸೊಸೆ,
ಸೀರೆ ಮಾತ್ರ ಬೇರೆ.

ಆಸ್ಯಮ್ಮ ಒಂಬತ್ತು. ನೆಂಟಳು.
ನಲವತ್ತು ವರ್ಷ ನಮ್ಮ ಬಾವಿಯ ನೀರು ಸೇದಿದವಳು.
ಇವಳಿಗೂ ಒಂದು ಸ್ವಂತ ಅಂಕಿ ಕೊಡಬಹುದಾ ಅಂತ
ಪ್ರಜೀಶನನ್ನು ಕೇಳಿದೆ. ಅವನು ನಕ್ಕ.
ಆಸ್ಯಮ್ಮನೂ ನಕ್ಕಳು, ಸ್ವಲ್ಪ ತಡವಾಗಿ.

ನಾವು ನೋಡಿದ ಕನ್ನಡ ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಿದೆ.
ಅವನ ಫೋನಿನಲ್ಲಿ ಬಣ್ಣಬಣ್ಣದ ಕಂಬಗಳು,
ಕಡೆಗೊಂದು ಬೂದು ಬಣ್ಣದ್ದು, ಉಗುರಿನಷ್ಟು ಗಿಡ್ಡ.
ಅದರ ಹೆಸರು 'ಇತರೆ'.
ತಲಪಾಡಿ ಗಡಿ ದಾಟಿದ್ದರೆ ಅದೇ ಕಂಬ
ಅಟ್ಟ ಮುಟ್ಟುತ್ತಿತ್ತಂತೆ, ಹಸಿರು ಬಣ್ಣವಂತೆ.
ಅತ್ತೆ ಕನ್ನಡಕ ಹಾಕಿ ನೋಡಿದರು:
ಇದರಲ್ಲಿ ನಾನೆಲ್ಲಿ ಮಗಾ?

ವರ್ಷದ ಕೊನೆಗೆ ಪೇಪರಿನಲ್ಲಿ ಪಟ್ಟಿ ಬಂತು.
ದೇಶದಲ್ಲಿ ಅತಿ ಹೆಚ್ಚು ಮಂದಿ ನೋಡಿದ್ದು ಆ ಫೈನಲ್ ಮ್ಯಾಚು.

ಆ ರಾತ್ರಿ ನನಗೆ ಗೊತ್ತು.
ಒಂದು, ಎರಡು, ಮೂರು, ನಾಲ್ಕು ಒತ್ತಿ ಕೂತಿದ್ದೆವು.
ಹನ್ನೊಂದನೇ ಓವರಿಗೆ ಹೊರಗೆ ಆಸ್ಯಮ್ಮನ ಬೊಬ್ಬೆ:
ಆಡು ಬಾವಿಗೆ ಬಿತ್ತು!
ಯಾರು ಗುಂಡಿ ಒತ್ತುತ್ತಾರೆ ಆಗ.
ಖಾಲಿ ಚಾಪೆಗೆ, ಮಗುಚಿದ ತಡ್ಪೆಗೆ
ಟಿವಿ ಒಂದೇ ಸಮನೆ ಮ್ಯಾಚು ತೋರಿಸುತ್ತಿತ್ತು.

ಪಟ್ಟಿಯ ತುದಿಯಲ್ಲಿ ಹೆಮ್ಮೆಯಿಂದ ನಿಂತವರಲ್ಲಿ
ನಲವತ್ತೆಂಟು ಸಾವಿರ ಜನ
ಬಾವಿಕಟ್ಟೆಗೆ ಹೊಟ್ಟೆಯೊತ್ತಿ ಬಗ್ಗಿದ್ದರು.
ಒಂದೇ ಟಾರ್ಚು. ಕೆಳಗೆ ನೀರಲ್ಲಿ
ಎರಡು ಹಳದಿ ಕಣ್ಣು.
ಐತಪ್ಪ ಹಗ್ಗ ಹಿಡಿದು ಇಳಿದ. ಯಾರೂ ರೆಪ್ಪೆ ಮುಚ್ಚಲಿಲ್ಲ.
ನಡುವೆ ಜಾಹೀರಾತಿಲ್ಲ.
ಆಡು ಮೇಲೆ ಬಂದು, ಮೈ ಕೊಡವಿ,
ಎಲ್ಲರ ಮುಖಕ್ಕೂ ನೀರು ಹಾರಿಸಿದಾಗ
ಒಳಗೆ ಟಿವಿಯಲ್ಲೂ ಜನ ಕುಣಿಯುತ್ತಿದ್ದರು,
ಯಾತಕ್ಕೋ.

ಕಳೆದ ತಿಂಗಳು ಡಬ್ಬಿ ಬಿಚ್ಚಿಕೊಂಡು ಹೋದರು.
ಅವಧಿ ಮುಗಿಯಿತಂತೆ, ಇನ್ನು ಬೇರೆ ಯಾರದೋ ಮನೆ.
ಗೋಡೆಯ ಎರಡು ತೂತಿಗೆ ಸುಣ್ಣ ಮೆತ್ತಿದೆ.
ಈಗ ಗಂಜಿ ಉಕ್ಕಿದರೆ ಒಂದೇ ಪಾತ್ರೆ.
ಹೆಬ್ಬೆರಳು ಮಾತ್ರ ಬೀಡಿಯ ನೂಲು ಬಿಟ್ಟು
ತೊಡೆಯ ಮೇಲೆ ಮೂರು ಒತ್ತುತ್ತದೆ.
ಆಸ್ಯಮ್ಮ ನೋಡುತ್ತಾಳೆ, ಟಿವಿಯಿಂದ ಕಣ್ಣು ಕೀಳದೆಯೇ:
ನನ್ನದೂ ಒತ್ತಿದೆಯಾ?