ಉದ್ರಿ ಲೆಕ್ಕ

ಗ್ಯುಮ್ರಿಯ ಕರಿಕಲ್ಲಿನ ಬೀದಿ, ಬೇಕರಿ ದಾಟಿದರೆ
ವರ್ದುಶ್ ಅಜ್ಜಿಯ ಅಂಗಡಿ:
ಉಪ್ಪುನೀರಲ್ಲಿ ಮುಳುಗಿದ ಚೀಸು, ಸೋಪು, ಬೆಂಕಿಪೊಟ್ಟಣ,
ಮಡಿಸಿಟ್ಟ ಲವಾಶ್ ರೊಟ್ಟಿ,
ತಕ್ಕಡಿಯ ಪಕ್ಕ ಒಂದು ಲ್ಯಾಪ್‌ಟಾಪು,
ನನಗಿಂತ ನಾಲ್ಕೇ ವರ್ಷ ಚಿಕ್ಕದು.

ಹಾರ್ಡ್ ಡಿಸ್ಕು ಸತ್ತಿತ್ತು. ಸಾಯುವ ಮುಂಚೆ ಮೂರು ದಿನ
ಹಲ್ಲು ಕಡಿಯುತ್ತಿತ್ತಂತೆ, ಕಟಕಟ, ಕಟಕಟ.
ಇದರ ಕಥೆ ಮುಗೀತು ಅಂದನಂತೆ ಪೇಟೆಯ ರಿಪೇರಿಯವ.
'ಕಥೆ ಮುಗಿದವರೇ ನನ್ನ ಗಿರಾಕಿಗಳೆಲ್ಲ' ಅಂದಳು ಅಜ್ಜಿ,
'ನೀನೊಮ್ಮೆ ನೋಡು.'

ನೋಡಿದೆ. ಕೀಲಿಮಣೆಯಲ್ಲಿ ಅರ್ಧ ಅಕ್ಷರ ಸವೆದಿವೆ.
ಬ್ಯಾಟರಿ ಇದೆ, ತೂಕಕ್ಕೆ.
ಮೆಮೊರಿ, ಅಂದರೆ ನೆನಪು, ಅರ್ಧ ಜಿಬಿ;
ಈ ಕಾಲದ ವಿಂಡೋಸಿಗೆ ಅಲ್ಲಿ ಕಾಲು ಚಾಚಲೂ ಜಾಗವಿಲ್ಲ.

ನನ್ನ ಜೇಬಲ್ಲಿದ್ದದ್ದು ಉಗುರಿನಷ್ಟು ಪೆನ್‌ಡ್ರೈವು,
ಅದರೊಳಗೊಂದು ಪುಟಾಣಿ ಲಿನಕ್ಸು,
ಚಾಪೆ ಚೊಂಬು ಎರಡೇ ಹಿಡಿದು
ಬಾಡಿಗೆ ಕೋಣೆಗೆ ಬರುವ ಒಂಟಿ ಆಸಾಮಿ.
ಎಫ್ ಹನ್ನೆರಡು ಒತ್ತಿದೆ. ಕಪ್ಪು ಪರದೆಯ ಮೇಲೆ
ಬಿಳಿ ಸಾಲುಗಳು ಒಂದನ್ನೊಂದು ನೂಕುತ್ತ ಮೇಲೇರಿದವು,
ಫ್ಯಾನು ಕೆಮ್ಮಿತು,
ಸತ್ತ ಡಿಸ್ಕಿನ ಗೊಡವೆಗೇ ಹೋಗದೆ
ಆಸಾಮಿ ನೇರ ನೆನಪಿನೊಳಗೆ ಬಂದು ಕೂತ.
ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡಳು, ಆಮೇಲೆ
ಇಷ್ಟು ದಿನ ಎಲ್ಲಿ ಹೋಗಿದ್ದೆ ಅಂತ ಅದನ್ನೇ ಗದರಿದಳು.

ಪೆನ್‌ಡ್ರೈವಿಗೆ ದಾರ ಪೋಣಿಸಿ ಅಂಗಡಿಯ ಬೀಗದ ಕೈಗೆ ಕಟ್ಟಿಕೊಟ್ಟೆ,
ಜೊತೆಗೆ ಒಂದೇ ಒಂದು ನಿಯಮ:
ಹಗಲೆಲ್ಲ ಬರೆದದ್ದು ಬರೀ ನೆನಪಲ್ಲಿರುತ್ತೆ.
ರಾತ್ರಿ ಆರಿಸುವಾಗ ಕೇಳುತ್ತೆ: ಉಳಿಸಲೇ, ಬೇಡವೇ?
ಉಳಿಸು ಅಂದರೆ ಇದರೊಳಗೆ ಹೋಗುತ್ತೆ.
ಬೇಡ ಅಂದರೆ, ಈ ದಿನ ನಡೆದೇ ಇಲ್ಲ.

'ನಡೆದೇ ಇಲ್ಲ?'
ಎರಡು ಸಲ ಕೇಳಿದಳು.
ತಿಳಿಯಲಿಲ್ಲವೇನೋ ಅಂದುಕೊಂಡು
ಇನ್ನೂ ನಿಧಾನಕ್ಕೆ ಬಿಡಿಸಿ ಹೇಳಿದೆ, ದಡ್ಡ ನಾನು.

ಆ ಜನವರಿ ಮೈನಸ್ ಇಪ್ಪತ್ತೆರಡು.
ಮಾಸ್ಕೋದಿಂದ ಗಂಡನ ದುಡ್ಡು ಬಾರದ ಹೆರಿಕ್‌ನಾಜ್,
ಪಿಂಚಣಿಯನ್ನೆಲ್ಲ ಒಲೆಗೆ ಹಾಕಿದ ಸೆದ್ರಾಕ್ ಮೇಷ್ಟ್ರು,
ಎಲ್ಲರೂ ಬಂದರು, ಬರೆದುಕೋ ಅಂದರು,
ಅಜ್ಜಿ ಒಂದೇ ಬೆರಳಲ್ಲಿ ಟಪ್ಪು ಟಪ್ಪು ಬರೆದುಕೊಂಡಳು,
ಎಲ್ಲರಿಗೂ ಕಾಣುವ ಹಾಗೆ ಪರದೆ ತಿರುಗಿಸಿ.

ಫೆಬ್ರವರಿಯ ಶನಿವಾರ ಅಳಿಯ ಹಮಾಯಕ್ ಲೆಕ್ಕಕ್ಕೆ ಕೂತ.
'ನಿನ್ನ ಆ ಕಡ್ಡಿ ನಮ್ಮ ಹದಿನೇಳು ದಿನ ನುಂಗಿದೆ!'
ಫೋನಿನಲ್ಲೇ ಕೂಗಾಡಿದ. ಓಡಿ ಹೋದೆ.
ಹದಿನೇಳು ದಿನ ನಿಜವಾಗಿಯೂ ಇಲ್ಲ.
ಹಾಲಿನವನಿಗೆ ಕೊಟ್ಟದ್ದೂ ಅದರ ಜೊತೆಗೇ ಹೋಗಿ
ಅವನಿಗೆ ಎರಡೆರಡು ಸಲ ಸಂದಾಯವಾಗಿದೆ,
ಅವನೂ ಬಾಯಿ ಬಿಟ್ಟಿಲ್ಲ.
ಪೆನ್‌ಡ್ರೈವು ತಪಾಸಣೆ ಮಾಡಿದೆ: ಕಲ್ಲಿನ ಹಾಗಿದೆ, ಒಂದು ಗೀರಿಲ್ಲ.
ಉಳಿದ ದಿನಗಳಲ್ಲಿ ಹೆಸರು ಹುಡುಕಿದೆ.
ಹೋಟೆಲಿನವನ ಸಾಲ ಇದೆ, ಪೊಲೀಸಿನವನ ಸಿಗರೇಟು ಇದೆ.
ಸೆದ್ರಾಕ್ ಇಲ್ಲ.
ಚಳಿಗಾಲವಿಡೀ ಇಲ್ಲಿಂದಲೇ ಕಾಫಿಪುಡಿ, ಮೇಣದಬತ್ತಿ ಒಯ್ದ
ನಾನೂ ಇಲ್ಲ.

ಅಜ್ಜಿ ತಕ್ಕಡಿಯ ತಟ್ಟೆ ಒರೆಸುತ್ತಲೇ ಇದ್ದಳು,
ಅದರಲ್ಲಿ ಕೊಳೆಯೇನೂ ಇರಲಿಲ್ಲ.

'ಅಗ್ಗದ ಪೆನ್‌ಡ್ರೈವು' ಅಂದೆ ಹಮಾಯಕ್‌ನಿಗೆ,
'ಥಂಡಿಗೆ ಒಮ್ಮೊಮ್ಮೆ ಮರೆಯುತ್ತೆ.'
ಬೈದ, ಹೊಸದು ತಾ ಅಂದ, ಹೋದ.

ಬಾಗಿಲು ಹಾಕುವ ಹೊತ್ತು. ಪರದೆಯ ನಡುವೆ
ಆ ಸಣ್ಣ ಪ್ರಶ್ನೆ ಬಂದು ನಿಂತಿತು.
'ಆ ಕಡೆ ತಿರುಗು' ಅಂದಳು.
ತಿರುಗಿದೆ.
ಟಪ್ಪು, ಒಂದು ಸದ್ದು.
ಹೌದೋ, ಬೇಡವೋ,
ಸದ್ದಿನಲ್ಲಿ ಗೊತ್ತಾಗುವುದಿಲ್ಲ.